ಸಾಲಂ ಮಿಶ್ರಿ: ಸೀತಾಳೆ ಗೆಡ್ಡೆಯ ಪಾನೀಯದ ಚರಿತ್ರೆ ಮತ್ತು ಉಪಯೋಗ

ದೀಪಾವಳಿ ಕಳೆದು ಮುಂಬಯಿಯಲ್ಲಿ ತುಸು ಚಳಿಗಾಳಿ ಬೀಸತೊಡಗಿದರೆ ಸಾಕು, ಗುಜರಾತಿ ಮಿಠಾಯಿ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ‘ಸಾಲಂಪಾಕ’ವೆಂಬ ಕಂದುಬಣ್ಣದ ಸಿಹಿಯೊಂದು ಕಾಣಿಸಿಕೊಳ್ಳುತ್ತದೆ. ತುಪ್ಪ, ಬಾದಾಮಿ, ಅಂಟು, ಸುಂಠಿ ಮೊದಲಾದವುಗಳೊಡನೆ ಅದಕ್ಕೆ ಬೀಳುವ ಮುಖ್ಯ ವಸ್ತು, ಹೆಸರೇ ಹೇಳುವಂತೆ, ಸಾಲಂ ಎಂಬ ಗೆಡ್ಡೆಯ ಪುಡಿ. ಇದೇ ಗೆಡ್ಡೆಯನ್ನು ಹೈದರಾಬಾದಿನ ಯುನಾನಿ ಔಷಧದಂಗಡಿಗಳಲ್ಲಿ ‘ಸಾಲಬ್ ಮಿಸ್ರಿ’ ಎಂದೂ ಚೆನ್ನೈಯ ನಾಟುಮದ್ದಿನ ಅಂಗಡಿಗಳಲ್ಲಿ ‘ಸಾಲಾಮಿಸಿರಿ’ ಎಂದೂ ಕೇಳಿ ಪಡೆಯಬಹುದು. ದೆಹಲಿಯ ಖಾರಿ ಬಾವಲಿಯಲ್ಲಿ ಅದಕ್ಕೆ ಎರಡು ಮೂರು ದರ್ಜೆಗಳೇ ಉಂಟು. ನಮ್ಮ ಊರುಗಳ ಗ್ರಂಥಿಗೆ ಅಂಗಡಿಯವರೂ ‘ಸಾಲಂ ಮಿಶ್ರಿ’ಯ ಹೆಸರನ್ನು ಬಲ್ಲರು. ಬೆಲೆ ವಿಚಾರಿಸಿದವರಿಗೆ ಮಾತ್ರ ಬಾದಾಮಿಯೇ ಅಗ್ಗವೆನಿಸುತ್ತದೆ.

ಊರು ಬಿಟ್ಟು ಬಂದು ಮಹಾನಗರಗಳಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಈ ಗೆಡ್ಡೆಯ ಪರಿಚಯ ಸಾಮಾನ್ಯವಾಗಿ ನೆರೆಹೊರೆಯವರಿಂದಲೇ ಆಗುತ್ತದೆ. ಬಾಣಂತಿ ಮಗಳಿಗೆ, ವಿಷಮಜ್ವರದಿಂದ ಎದ್ದ ಹುಡುಗನಿಗೆ, ಊಟ ಸೇರದ ವೃದ್ಧರಿಗೆ ‘ಇದನ್ನು ಹಾಲಿನಲ್ಲಿ ಕುದಿಸಿ ಕೊಡಿ, ಮೈಗೆ ಹತ್ತುತ್ತದೆ’ ಎಂಬ ಸಲಹೆ ಪ್ರೀತಿಯಿಂದಲೇ ಬರುತ್ತದೆ. ಕೇಳಿದ್ದನ್ನು ತಂದು ಕೊಡುವುದು ಕಷ್ಟವೇನಲ್ಲ. ಆದರೆ ತರುವ ವಸ್ತು ಏನು, ಅದರಲ್ಲಿ ಇದೆಯೆನ್ನುವ ಬಲ ನಿಜವಾಗಿ ಎಲ್ಲಿಂದ ಬರುತ್ತದೆ, ಪೊಟ್ಟಣದೊಳಗೆ ಇರುವುದು ಅದೇ ವಸ್ತುವೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಹಣ ತೆರುವುದು ವಿವೇಕವಲ್ಲ. ಈ ಪಾನೀಯದ ಎರಡು ಸಾವಿರ ವರ್ಷಗಳ ಚರಿತ್ರೆಯೇ ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಹೆಸರಿನೊಳಗಿನ ನರಿ

ಸಾಲಂ ಎಂಬುದು ಒಂದು ಸೀತಾಳೆ ಗಿಡದ ಗೆಡ್ಡೆ. ಸೀತಾಳೆ ಎಂದೊಡನೆ ಮಲೆನಾಡಿನವರ ಕಣ್ಣಮುಂದೆ ಬರುವುದು ಮರದ ಕೊಂಬೆಗಳಿಂದ ಜಡೆಯಂತೆ ಇಳಿಬೀಳುವ ಸೀತೆದಂಡೆಯ ಹೂಗೊಂಚಲು. ಅದು ಮರವನ್ನಾಶ್ರಯಿಸಿ ಬೆಳೆಯುವ ಜಾತಿ. ಅದಕ್ಕೆ ನೆಲದೊಳಗಿನ ಗೆಡ್ಡೆಯಿಲ್ಲ. ಸಾಲಂ ಕೊಡುವವು ನೆಲದಲ್ಲಿ ಬೇರೂರುವ ಸೀತಾಳೆಗಳು. ನಮ್ಮ ಪಶ್ಚಿಮಘಟ್ಟದಲ್ಲಿಯೂ ನೆಲದ ಸೀತಾಳೆಗಳಿಗೆ ಕೊರತೆಯಿಲ್ಲ. ಪುಣೆಯ ಕಡೆಯ ಕನ್ನಡಿಗರು ಮಳೆಗಾಲದಲ್ಲಿ ಸಾತಾರದ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋದರೆ ಹುಲ್ಲಿನ ನಡುವೆ ಬಿಳಿಯ ಹೂಬಿಟ್ಟು ನಿಂತ ಪುಟ್ಟ ಸೀತಾಳೆಗಳನ್ನು ಕಾಣಬಹುದು. ಮರಾಠಿಗರು ಅವನ್ನು ‘ಆಮ್ರಿ’ ಎನ್ನುತ್ತಾರೆ. ಆದರೆ ಚರಿತ್ರೆಯಲ್ಲಿ ಹೆಸರಾದ ಸಾಲಂ ಗೆಡ್ಡೆಯ ತವರು ತುರ್ಕಿ, ಇರಾನ್ ಮತ್ತು ಅವುಗಳ ಸುತ್ತಣ ಗುಡ್ಡಗಾಡು.

ಈ ಗಿಡಗಳಿಗೆ ಮಣ್ಣಿನಡಿಯಲ್ಲಿ ಜೋಡಿ ಗೆಡ್ಡೆಗಳಿರುತ್ತವೆ. ಒಂದು ಈ ವರ್ಷದ ಗಿಡವನ್ನು ಸಾಕಿ ಸುಕ್ಕುಗಟ್ಟುತ್ತಿರುವ ಹಳೆಯ ಗೆಡ್ಡೆ; ಮತ್ತೊಂದು ಮುಂದಿನ ವರ್ಷದ ಗಿಡಕ್ಕಾಗಿ ಆಹಾರ ತುಂಬಿಕೊಂಡು ದುಂಡಗಾಗಿರುವ ಹೊಸ ಗೆಡ್ಡೆ. ಈ ಜೋಡಿಯ ಆಕಾರವನ್ನು ಕಂಡ ಗ್ರೀಕರು ಅದಕ್ಕೆ ‘ಆರ್ಕಿಸ್’ ಎಂದು ಹೆಸರಿಟ್ಟರು. ಆ ಮಾತಿಗೆ ವೃಷಣವೆಂದು ಅರ್ಥ. ಇಂದು ಜಗತ್ತಿನಾದ್ಯಂತ ಆ ಸಸ್ಯಕುಲಕ್ಕೆಲ್ಲ ಸಲ್ಲುವ ಆರ್ಕಿಡ್ ಎಂಬ ಹೆಸರು ಬಂದದ್ದು ಇದರಿಂದಲೇ. ಆಕಾರವೇ ಗುಣವನ್ನು ಸೂಚಿಸುತ್ತದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಮೂಲಿಕಾಗ್ರಂಥ ಬರೆದ ಡಯೋಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯ, ದೊಡ್ಡ ಗೆಡ್ಡೆಯನ್ನು ಗಂಡಸು ತಿಂದರೆ ಗಂಡುಮಗುವೂ ಚಿಕ್ಕದನ್ನು ಹೆಂಗಸು ತಿಂದರೆ ಹೆಣ್ಣುಮಗುವೂ ಆಗುವುದೆಂಬ ಜನರ ನಂಬಿಕೆಯನ್ನು ದಾಖಲಿಸಿದ್ದಾನೆ. ಅವನ ಗ್ರಂಥ ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿ ಅರಬ್ಬೀ ಭಾಷೆಗೆ ಅನುವಾದವಾಯಿತು. ಅರಬರು ಈ ಗೆಡ್ಡೆಗೆ ‘ನರಿಯ ವೃಷಣ’ ಎಂಬರ್ಥದ ಹೆಸರನ್ನು ಬಳಸಿದರು. ಅರಬ್ಬಿಯಲ್ಲಿ ನರಿಗೆ ‘ಸಅಲಬ್’ ಎನ್ನುವರು. ಉಳಿದ ಭಾಗ ಉದುರಿ ನರಿಯೊಂದೇ ಉಳಿಯಿತು. ತುರ್ಕರ ಬಾಯಲ್ಲಿ ಅದು ಸಲೆಪ್, ಈಜಿಪ್ಟ್ ಮತ್ತು ಸಿರಿಯಾಗಳಲ್ಲಿ ಸಹ್ಲಬ್, ಇಂಗ್ಲಿಷರಲ್ಲಿ ಸಲೂಪ್, ನಮ್ಮಲ್ಲಿ ಸಾಲಬ್, ಕಡೆಗೆ ಸಾಲಂ. ಪುರುಷತ್ವ ವರ್ಧಕವೆಂಬ ಕೀರ್ತಿಯನ್ನು ಈ ಗೆಡ್ಡೆ ಇಂದಿಗೂ ಬಿಟ್ಟುಕೊಟ್ಟಿಲ್ಲ. ಆ ಕೀರ್ತಿಗೆ ಮೂಲ ಅದರೊಳಗಿನ ಯಾವ ಸತ್ವವೂ ಅಲ್ಲ, ಹೊರಗಿನ ಆಕಾರ ಎಂಬುದನ್ನು ಕೊಳ್ಳುವವರು ನೆನಪಿಡತಕ್ಕದ್ದು.

‘ಮಿಶ್ರಿ’ ಎಂಬ ಎರಡನೆಯ ಪದದ ಬಗ್ಗೆಯೂ ಒಂದು ಮಾತು. ಉತ್ತರ ಭಾರತದಲ್ಲಿ ಕಲ್ಲುಸಕ್ಕರೆಗೆ ಮಿಶ್ರಿ ಎನ್ನುವುದರಿಂದ ಸಾಲಮಿಗೆ ಕಲ್ಲುಸಕ್ಕರೆ ಬೆರೆಸಿದ್ದೇ ಸಾಲಂ ಮಿಶ್ರಿಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮಿಸ್ರ್ ಎಂದರೆ ಈಜಿಪ್ಟ್ ದೇಶ. ಮಿಸ್ರಿ ಎಂದರೆ ಈಜಿಪ್ಟಿನದು. ಕಲ್ಲುಸಕ್ಕರೆಗೂ ಗೆಡ್ಡೆಗೂ ಒಂದೇ ದೇಶದ ಹೆಸರು ಅಂಟಿಕೊಂಡಿದೆ, ಅಷ್ಟೆ.

ಗೆಡ್ಡೆಯಿಂದ ಬಟ್ಟಲಿಗೆ

ತುರ್ಕಿಯಲ್ಲಿ ಇದರ ತಯಾರಿಕೆ ಶತಮಾನಗಳಿಂದ ಒಂದೇ ರೀತಿ ನಡೆದುಬಂದಿದೆ. ವಸಂತದ ಕೊನೆಯಲ್ಲಿ ಗಿಡ ಹೂಬಿಟ್ಟಾಗ ಹಳ್ಳಿಗರು ಗುಡ್ಡಗಳಿಗೆ ಹೋಗಿ ಚೂಪಾದ ಸಲಾಕಿಯಿಂದ ಗೆಡ್ಡೆಯನ್ನು ಎಬ್ಬುತ್ತಾರೆ. ಹುಲ್ಲಿನ ನಡುವೆ ಗಿಡದ ಗುರುತು ಹತ್ತುವುದು ಹೂವಿನಿಂದಲೇ. ದುಂಡಗಿರುವ ಹೊಸ ಗೆಡ್ಡೆಯನ್ನು ಮಾತ್ರ ಕಿತ್ತುಕೊಂಡು ತೊಳೆದು, ನೀರಿನಲ್ಲಿಯೋ ಹಾಲಿನಲ್ಲಿಯೋ ಕುದಿಸಿ, ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಕುದಿಸದೆ ಒಣಗಿಸಿದರೆ ಜೀವಂತ ಗೆಡ್ಡೆ ಮತ್ತೆ ಮೊಳೆಯುವುದುಂಟು. ಹಸಿಯ ಕಹಿವಾಸನೆಯೂ ಹೋಗದು. ಒಣಗಿದ ಗೆಡ್ಡೆ ಕೊಂಬಿನಂತೆ ಗಡುಸಾಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುತ್ತದೆ. ಅದನ್ನು ನುಣ್ಣಗೆ ಬೀಸಿದ ಪುಡಿಯೇ ಸಲೆಪ್.

ಒಂದು ಲೀಟರು ಹಾಲಿಗೆ ಸುಮಾರು 10 ಗ್ರಾಂ ಪುಡಿ ಸಾಕು. ಪುಡಿಯನ್ನು ಮೊದಲು ಸಕ್ಕರೆಯೊಡನೆ ಒಣದಾಗಿಯೇ ಬೆರೆಸಿಕೊಳ್ಳಬೇಕು. ಇಲ್ಲವಾದರೆ ನೀರು ಸೋಕಿದೊಡನೆ ಗಂಟುಗಟ್ಟಿ ಒಳಗೆ ಪುಡಿ ಪುಡಿಯಾಗಿಯೇ ಉಳಿದುಬಿಡುತ್ತದೆ. ತಣ್ಣನೆಯ ಹಾಲಿನಲ್ಲಿ ಕದಡಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಕುದಿಸಿದರೆ ಹಾಲು ತೆಳುವಾದ ಗಂಜಿಯಷ್ಟು ಗಟ್ಟಿಯಾಗುತ್ತದೆ. ಬಟ್ಟಲಿಗೆ ಸುರಿದು ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕುಡಿಯುತ್ತಾರೆ. ಇಸ್ತಾಂಬುಲ್ ನಗರದಲ್ಲಿ ಚಳಿಗಾಲದ ಮುಂಜಾನೆ ತಾಮ್ರದ ಕೊಳಗಗಳಲ್ಲಿ ಇದನ್ನು ಬೀದಿಬೀದಿಗಳಲ್ಲಿ ಮಾರುವ ಸಂಪ್ರದಾಯ ಹಳೆಯದು. ಈಜಿಪ್ಟಿನ ಸಹ್ಲಬಿಗೆ ಪನ್ನೀರು, ಕೊಬ್ಬರಿತುರಿ, ಪಿಸ್ತಾ ಸೇರುತ್ತವೆ. ತುರ್ಕಿಯ ಕಹ್ರಮಾನ್‌ಮರಾಶ್ ಎಂಬ ಊರಿನವರು ಇದೇ ಪುಡಿಯನ್ನು ಹಾಕಿ, ಎಳೆದರೆ ರಬ್ಬರಿನಂತೆ ಹಿಗ್ಗುವ, ಚಾಕುವಿನಿಂದ ಕೊಯ್ದು ತಿನ್ನಬೇಕಾದ ಐಸ್‌ಕ್ರೀಮ್ ಮಾಡಿ ಹೆಸರಾಗಿದ್ದಾರೆ.

ಲಂಡನ್ನಿನ ಬೀದಿಗಳಲ್ಲಿ, ಕುಕ್ಕನ ಹಡಗಿನಲ್ಲಿ

ಹದಿನೆಂಟನೆಯ ಶತಮಾನದಲ್ಲಿ ಈ ಪಾನೀಯ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತ್ತು. ಚಹ ಕಾಫಿಗಳು ಬಡವರ ಕೈಗೆ ಎಟುಕದಿದ್ದ ಆ ದಿನಗಳಲ್ಲಿ ನಸುಕಿಗೇ ಎದ್ದು ದುಡಿಯಲು ಹೊರಡುವ ಕೂಲಿಗಳು ಬೀದಿಯಂಗಡಿಗಳಲ್ಲಿ ನಿಂತು ಬಿಸಿ ಸಲೂಪ್ ಕುಡಿದು ಮುಂದೆ ಸಾಗುತ್ತಿದ್ದರು. ಗೆಡ್ಡೆ ಪೂರ್ವದೇಶಗಳಿಂದ ಬರುತ್ತಿದ್ದುದರಿಂದ ದುಬಾರಿಯಾಗಿತ್ತು. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಬೆಳೆಯುವ ಸೀತಾಳೆಗಳಿಂದಲೇ ಅದನ್ನು ತಯಾರಿಸುವ ವಿಧಾನವನ್ನು ಮೋಲ್ಟ್ ಎಂಬಾತ ಡಾ. ಥಾಮಸ್ ಪರ್ಸಿವಲ್ಲರಿಗೆ ಪತ್ರಮುಖೇನ ತಿಳಿಸಿದನು. ಆ ಪತ್ರ 1769ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೆಡ್ಡೆಯ ಸಿಪ್ಪೆ ತೆಗೆದು ಕೆಲವು ನಿಮಿಷ ಬಿಸಿ ಒಲೆಗೂಡಿನಲ್ಲಿರಿಸಿ, ಕೊಂಬಿನ ಹೊಳಪು ಬಂದೊಡನೆ ಹೊರತೆಗೆದು ಒಣಗಿಸುವುದು ಆ ವಿಧಾನದ ತಿರುಳು.

1772ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನಕ್ಕೆ ಹೊರಟಾಗ ಹುಳಿಗೋಸು, ಮಾಂಸದ ಸಾರಿನ ಒಣಬಿಲ್ಲೆ ಇತ್ಯಾದಿಗಳ ಜೊತೆಗೆ ಸಲೂಪ್ ಪುಡಿಯೂ ಹಡಗನ್ನೇರಿತ್ತು. ಇದರ ಹಿನ್ನೆಲೆಯಲ್ಲಿದ್ದ ಲೆಕ್ಕಾಚಾರ ಸ್ವಾರಸ್ಯವಾದುದು. ಒಂದು ಔನ್ಸ್ ಸಲೂಪ್ ಪುಡಿಯನ್ನೂ ಒಂದು ಔನ್ಸ್ ಒಣಸಾರನ್ನೂ ಕುದಿನೀರಿನಲ್ಲಿ ಕರಗಿಸಿದರೆ ಆಗುವ ಗಟ್ಟಿಯಾದ ಲೋಳೆ ಒಬ್ಬ ಮನುಷ್ಯನನ್ನು ಒಂದು ದಿನ ಸಾಕಬಲ್ಲುದೆಂದು ಅಂದಿನ ಗಣ್ಯ ವೈದ್ಯರು ನಂಬಿದ್ದರು. ಎರಡು ಔನ್ಸ್ ಪುಡಿ ಪಾತ್ರೆ ತುಂಬ ಲೋಳೆಯಾಗುವುದನ್ನು ಕಣ್ಣಾರೆ ಕಂಡವರಿಗೆ ಹಾಗೆನ್ನಿಸಿದ್ದು ಸಹಜ. ಆದರೆ ಒಂದು ಔನ್ಸ್ ಎಂದರೆ 28 ಗ್ರಾಂ. ಅದು ಪೂರ್ತಿ ಜೀರ್ಣವಾಗುವ ಪಿಷ್ಟವೇ ಆಗಿದ್ದರೂ ಗ್ರಾಮಿಗೆ 4ರಂತೆ ಸುಮಾರು 112 ಕ್ಯಾಲೊರಿ. ದುಡಿಯುವ ಮನುಷ್ಯನಿಗೆ ದಿನಕ್ಕೆ ಬೇಕಾದುದು ಎರಡು ಸಾವಿರಕ್ಕೂ ಮೇಲೆ. ಕಣ್ಣಿಗೆ ತುಂಬಿ ಕಂಡದ್ದು ನೀರು. ಹೊಟ್ಟೆ ತುಂಬಿದ ಭಾವವನ್ನೇ ಪೋಷಣೆಯೆಂದು ಎಣಿಸಿದ ಈ ಲೆಕ್ಕ ಇಂದಿಗೂ ಪೂರ್ತಿ ಅಳಿದಿಲ್ಲ.

ಸಲೂಪಿಗೆ ಬೇಡಿಕೆ ಹೆಚ್ಚಿದಂತೆ ಅದರ ಹೆಸರಿನಲ್ಲಿ ಬೇರೆ ವಸ್ತು ಬಂತು. ಅಮೆರಿಕದ ಸಾಸಫ್ರಾಸ್ ಮರದ ಚಕ್ಕೆಯನ್ನು ಕುದಿಸಿ ಹಾಲು ಸಕ್ಕರೆ ಸೇರಿಸಿ ಸಲೂಪ್ ಎಂದೇ ಮಾರಿದರು. ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ಹೊಗೆಗೂಡು ಗುಡಿಸುವ ಹುಡುಗರನ್ನು ಕುರಿತು ಬರೆದ ಪ್ರಬಂಧದಲ್ಲಿ ಬಣ್ಣಿಸಿರುವ ಸಲೂಪ್ ಈ ಸಾಸಫ್ರಾಸಿನದು. ಗೆಡ್ಡೆಗೂ ಅದಕ್ಕೂ ಸಂಬಂಧವೇ ಇಲ್ಲ. ಮುಂದೆ ಕಾಫಿ ಅಗ್ಗವಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನ ಸಲೂಪ್ ಅಂಗಡಿಗಳ ಜಾಗವನ್ನು ಕಾಫಿ ಅಂಗಡಿಗಳು ಆಕ್ರಮಿಸಿದ್ದವು. ಸಾಸಫ್ರಾಸಿನಲ್ಲಿರುವ ಸಾಫ್ರೋಲ್ ಎಂಬ ತೈಲಾಂಶ ಪ್ರಾಣಿಗಳಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಕಂಡುಬಂದು ಅಮೆರಿಕ ಸರ್ಕಾರ 1960ರಲ್ಲಿ ಅದನ್ನು ಆಹಾರದಿಂದ ನಿಷೇಧಿಸಿತು. ಬದಲಿಯೆಂದು ಬಂದ ವಸ್ತು ನಿರಪಾಯವೇ ಆಗಿರಬೇಕೆಂಬ ನಿಯಮವಿಲ್ಲ.

ಭಾರತದಲ್ಲಿ ಸಾಲಂ

ನಮ್ಮ ದೇಶಕ್ಕೆ ಸಾಲಂ ಮುಖ್ಯವಾಗಿ ಯುನಾನಿ ವೈದ್ಯದ ಮೂಲಕ, ಇರಾನ್ ಮತ್ತು ಅಫಘಾನಿಸ್ತಾನಗಳ ವ್ಯಾಪಾರದ ದಾರಿಯಲ್ಲಿ ಬಂತು. ‘ಮಾಜೂನ್ ಸಾಲಬ್’ ಎಂಬ ಲೇಹ್ಯವನ್ನು ಹಕೀಮರು ಇಂದಿಗೂ ಕೊಡುತ್ತಾರೆ. ಹೊರನಾಡಿನ ಗೆಡ್ಡೆಯ ಜೊತೆಗೆ ಹಿಮಾಲಯದ ಗೆಡ್ಡೆಯೂ ಅಂಗಡಿಗೆ ಸೇರಿತು. ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಒಂದು ಸೀತಾಳೆಯ ಗೆಡ್ಡೆ ದುಂಡಗಿರದೆ, ಬೆರಳುಗಳಿರುವ ಅಂಗೈಯಂತೆ ಕವಲೊಡೆದಿರುತ್ತದೆ. ಆದ್ದರಿಂದ ಅದಕ್ಕೆ ‘ಸಾಲಂ ಪಂಜಾ’ ಎಂದು ಹೆಸರು. ಸಸ್ಯವಿಜ್ಞಾನಿಗಳು ಅದನ್ನು ಡ್ಯಾಕ್ಟಿಲೊರೈಜಾ ಹಟಗಿರಿಯ ಎಂದು ಕರೆಯುತ್ತಾರೆ. ಟಿಬೆಟಿನ ವೈದ್ಯದಲ್ಲಿಯೂ ಅದಕ್ಕೆ ಮನ್ನಣೆಯಿದೆ.

ಆಯುರ್ವೇದದಲ್ಲಿ ಸೀತಾಳೆಗಳಿಗೆ ಬೇರೆಯೇ ಸ್ಥಾನವುಂಟು. ಚ್ಯವನಪ್ರಾಶದಲ್ಲಿ ಸೇರಬೇಕಾದ ಅಷ್ಟವರ್ಗದ ಎಂಟು ಮೂಲಿಕೆಗಳಲ್ಲಿ ಜೀವಕ, ಋಷಭಕ, ಋದ್ಧಿ, ವೃದ್ಧಿ ಎಂಬ ನಾಲ್ಕು ಹಿಮಾಲಯದ ಸೀತಾಳೆಗಳೆಂದು ಇಂದಿನ ವಿದ್ವಾಂಸರು ಗುರುತಿಸಿದ್ದಾರೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಅಷ್ಟವರ್ಗ ರಾಜರಿಗೂ ದುರ್ಲಭವೆಂದು ಒಪ್ಪಿಕೊಂಡು, ಅವುಗಳಿಗೆ ಪ್ರತಿನಿಧಿಯಾಗಿ ಶತಾವರಿ, ಅಶ್ವಗಂಧ, ವಿದಾರಿ, ವಾರಾಹಿಗಳನ್ನು ಬಳಸಬಹುದೆಂದು ವಿಧಿಸಿಬಿಟ್ಟಿದೆ. ಜೀವಕ ಋಷಭಕಗಳಿಗೆ ವಿದಾರಿ ಎಂಬ ನೆಲಗುಂಬಳ, ಋದ್ಧಿ ವೃದ್ಧಿಗಳಿಗೆ ವಾರಾಹಿ ಗೆಡ್ಡೆ. ಪ್ರಾಚೀನರ ಈ ವಿವೇಕ ನನಗೆ ಬಹಳ ಮೆಚ್ಚಿಕೆಯಾದುದು. ಸಿಗದುದನ್ನು ಸಿಗದೆಂದು ಹೇಳಿ, ಸಿಗುವುದರ ಹೆಸರನ್ನು ಬಚ್ಚಿಡದೆ ಬರೆದರು. ಪೇಟೆಯ ರೀತಿ ಹಾಗಲ್ಲ. ಅಲ್ಲಿ ವಸ್ತು ಬದಲಾದರೂ ಹೆಸರು ಬದಲಾಗುವುದಿಲ್ಲ.

ಬ್ರಿಟಿಷರ ಕಾಲದಲ್ಲಿಯೇ ಭಾರತದ ಪೇಟೆಗಳಲ್ಲಿ ಸಾಲಮಿನ ಹೆಸರಿನಲ್ಲಿ ನಾನಾ ವಸ್ತುಗಳಿದ್ದವು. ‘ಬಾದಶಾಹಿ ಸಾಲಬ್’ ಎಂದು ಗಂಭೀರವಾದ ಹೆಸರು ಹೊತ್ತು ಅಫಘಾನಿಸ್ತಾನದಿಂದ ಬರುತ್ತಿದ್ದುದು ಸೀತಾಳೆಯೇ ಅಲ್ಲ, ಈರುಳ್ಳಿಯ ಬಳಗದ ಒಂದು ಗೆಡ್ಡೆ. ಬೇಯಿಸಿದ ಆಲೂಗೆಡ್ಡೆಯನ್ನು ಗೋಂದಿನೊಡನೆ ನಾದಿ ಉಂಡೆಗಟ್ಟಿ ಒಣಗಿಸಿದ ‘ಬನಾವಟಿ ಸಾಲಬ್’ ಕೂಡ ಇತ್ತು. ಸಫೇದ್ ಮುಸಲಿಯನ್ನು ಸಾಲಮಿನ ಜೊತೆಗೆ, ಕೆಲವೊಮ್ಮೆ ಸಾಲಮಿನ ಬದಲಿಗೆ, ಕೊಡುವ ರೂಢಿಯೂ ಬೆಳೆಯಿತು. ಮುಸಲಿ ಕೊಡುವ ಗಿಡಗಳಲ್ಲಿ ಪ್ರಸಿದ್ಧವಾದ ಒಂದಕ್ಕೆ ಸಸ್ಯಶಾಸ್ತ್ರದಲ್ಲಿ ನಮ್ಮ ಬೊರಿವಲಿಯ ಹೆಸರೇ ಇದೆಯೆಂಬುದನ್ನು ಲೋಕಲ್ ಗಾಡಿಯಲ್ಲಿ ನಿತ್ಯ ಬೊರಿವಲಿ ದಾಟುವ ಓದುಗರಿಗೆ ಹೇಳದಿರಲಾರೆ. ಈಗ ತುರ್ಕಿಯಿಂದಲೂ ಅರಬ್ ದೇಶಗಳಿಂದಲೂ ಪ್ರವಾಸಿಗರು ತರುವ ಸಿದ್ಧ ಪೊಟ್ಟಣಗಳ ಮೇಲಿನ ಸಣ್ಣಕ್ಷರಗಳನ್ನು ಓದಿದರೆ ಬಹುಮಟ್ಟಿಗೆ ಕಾಣುವುದು ಜೋಳದ ಪಿಷ್ಟ, ಗ್ವಾರ್ ಗೋಂದು, ಸುವಾಸನೆ. ಗ್ವಾರ್ ಎಂದರೆ ನಮ್ಮ ಗೋರಿಕಾಯಿ. ಅದರ ಬೀಜದ ಅಂಟನ್ನು ಜಗತ್ತಿಗೆ ಹೆಚ್ಚಾಗಿ ಒದಗಿಸುವುದು ಭಾರತವೇ. ರಾಜಸ್ಥಾನದ ಗೋರಿಕಾಯಿ ಕಡಲು ದಾಟಿ ಹೋಗಿ ಪರದೇಶದ ಅಪೂರ್ವ ಪಾನೀಯವಾಗಿ ನಮ್ಮ ಮನೆಗೆ ಮರಳಿ ಬಂದಿರುವ ಸಂಭವವಿದೆ.

ವೈದ್ಯಕೀಯ ದೃಷ್ಟಿಯಿಂದ

ಅಸಲು ಸಾಲಮಿನಲ್ಲಿ ಏನಿದೆ? ಅದರ ಮುಖ್ಯಾಂಶ ಗ್ಲೂಕೋಮನ್ನನ್ ಎಂಬ ಲೋಳೆಯಂತಹ ನಾರು. ಜೊತೆಗೆ ಪಿಷ್ಟ, ಸ್ವಲ್ಪ ಸಸಾರಜನಕ, ಖನಿಜಗಳು. ಗೆಡ್ಡೆಯ ಜಾತಿ, ಕಿತ್ತ ಕಾಲ, ಒಣಗಿಸಿದ ಕ್ರಮ ಇವುಗಳಿಗನುಸಾರ ಪ್ರಮಾಣ ಬಹಳ ಬದಲಾಗುತ್ತದೆ. ಗ್ಲೂಕೋಮನ್ನನ್ ತನ್ನ ತೂಕದ ಅನೇಕ ಪಟ್ಟು ನೀರನ್ನು ಹೀರಿ ಉಬ್ಬುತ್ತದೆ. ನಮ್ಮ ಜೀರ್ಣರಸಗಳಿಗೆ ಅದು ಕರಗುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಒಂದಷ್ಟು ವಿಭಜಿಸುತ್ತವೆ. ಹೀಗಾಗಿ ಸಾಲಂ ಕುಡಿದವರಿಗೆ ದೊರೆಯುವ ಪೋಷಣೆ ಬಹುಪಾಲು ಹಾಲು ಸಕ್ಕರೆಗಳದು. ಹಾಲಿಗೆ ಸಾಲಂ ಕೊಡುವುದು ಮಂದತನವನ್ನು.

ಮಂದತನಕ್ಕೂ ಉಪಯೋಗವಿಲ್ಲದಿಲ್ಲ. ಒಣಕೆಮ್ಮಿನಿಂದ ಕೆರೆದ ಗಂಟಲಿಗೆ ಬಿಸಿಲೋಳೆ ಹಿತವೆನಿಸುತ್ತದೆ. ತೆಳ್ಳನೆಯದನ್ನು ನುಂಗುವಾಗ ಕೆಮ್ಮು ಬರುವ ಕೆಲವು ವೃದ್ಧರಿಗೆ ಸ್ವಲ್ಪ ಗಟ್ಟಿಯಾದ ದ್ರವ ಸುಲಭವಾಗುತ್ತದೆ. ಆದರೆ ಪಾರ್ಶ್ವವಾಯುವಾದವರ ವಿಷಯದಲ್ಲಿ ಎಷ್ಟು ಗಟ್ಟಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹಿಂದಿನವರು ಅತಿಸಾರದಲ್ಲಿ ಇದನ್ನು ಕೊಡುತ್ತಿದ್ದರು. ಅತಿಸಾರದಲ್ಲಿ ಪ್ರಾಣ ಉಳಿಸುವುದು ಉಪ್ಪು ಸಕ್ಕರೆಗಳ ಓ.ಆರ್.ಎಸ್. ದ್ರಾವಣ, ಗಂಜಿ ಲೋಳೆಗಳು ಅದರ ಜೊತೆಗಿನ ಆಹಾರ ಮಾತ್ರ, ಅದರ ಬದಲಿಯಲ್ಲ.

ಇದೇ ಗ್ಲೂಕೋಮನ್ನನ್ ಜಪಾನಿನವರು ಆಹಾರವಾಗಿ ಬಳಸುವ ಕೊಂಜಾಕ್ ಎಂಬ ಗೆಡ್ಡೆಯಲ್ಲಿಯೂ ಹೇರಳವಾಗಿದೆ. ಕೊಂಜಾಕ್ ನಮ್ಮ ಸುವರ್ಣಗೆಡ್ಡೆಯ ದಾಯಾದಿ. ದಿನಕ್ಕೆ 4 ಗ್ರಾಂ ಕೊಂಜಾಕ್ ಗ್ಲೂಕೋಮನ್ನನ್ ಸೇವನೆ ರಕ್ತದ ಕೊಲೆಸ್ಟರಾಲನ್ನು ಹತೋಟಿಯಲ್ಲಿಡಲು ಸಹಾಯಕವೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿದೆ. ಇದನ್ನೇ ಹಿಡಿದುಕೊಂಡು ಸಾಲಂ ಹೃದಯಕ್ಕೆ ಒಳ್ಳೆಯದೆಂದು ಸಾರುವುದುಂಟು. ಲೆಕ್ಕ ಹಾಕಿ ನೋಡೋಣ. ಒಂದು ಬಟ್ಟಲಿಗೆ ಬೀಳುವ ಪುಡಿ 2 ಗ್ರಾಂ. ಅದರಲ್ಲಿ ಅರ್ಧ ಗ್ಲೂಕೋಮನ್ನನ್ ಎಂದು ಉದಾರವಾಗಿ ಎಣಿಸಿದರೂ 4 ಗ್ರಾಂ ಕೂಡಲು ದಿನಕ್ಕೆ ನಾಲ್ಕು ಬಟ್ಟಲು ಸಕ್ಕರೆ ಹಾಲು ಕುಡಿಯಬೇಕಾಗುತ್ತದೆ! ಮಧುಮೇಹಿಗಳಿಗೂ ಸ್ಥೂಲಕಾಯರಿಗೂ ಇದು ಹೇಳಿಮಾಡಿಸಿದ ಅಪಥ್ಯ.

ಅಪಾಯದ ಒಂದು ಮಾತನ್ನೂ ಹೇಳಬೇಕು. ಉಬ್ಬುವ ಗುಣವುಳ್ಳ ಇಂತಹ ಪುಡಿಗಳನ್ನು ಒಣದಾಗಿ ಬಾಯಿಗೆ ಹಾಕಿಕೊಂಡರೆ ಅನ್ನನಾಳದಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳುವ ಸಂಭವವಿದೆ. ಕೊಂಜಾಕ್ ಸೇರಿಸಿದ ಪುಟ್ಟ ಜೆಲ್ಲಿ ಮಿಠಾಯಿಗಳು ಮಕ್ಕಳ ಗಂಟಲಿಗೆ ಸಿಕ್ಕಿಕೊಂಡು ಸಾವುಗಳಾದ ಮೇಲೆ ಹಲವು ದೇಶಗಳು ಅವನ್ನು ನಿಷೇಧಿಸಿದವು. ಸಾಲಂ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವ ಪದ್ಧತಿಯನ್ನು ಆದ್ದರಿಂದಲೇ ಬಿಡುವುದು ಲೇಸು. ನಿತ್ಯ ಔಷಧ ಸೇವಿಸುವವರು ಮಾತ್ರೆಗೂ ಈ ಪಾನೀಯಕ್ಕೂ ನಡುವೆ ಒಂದೆರಡು ಗಂಟೆ ಅಂತರ ಕೊಡಬೇಕು. ಲೋಳೆ ಔಷಧದ ಹೀರಿಕೆಯನ್ನು ತಡೆಯಬಹುದು. ಪುರುಷತ್ವದ ವಿಷಯಕ್ಕೆ ಮನುಷ್ಯರ ಮೇಲೆ ನಡೆಸಿದ ಭದ್ರವಾದ ಪ್ರಯೋಗಗಳ ಆಧಾರವಿಲ್ಲ. ಆ ಹೆಸರಿನಲ್ಲಿ ಮಾರುವ ಗುಟ್ಟಿನ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯ ಔಷಧವನ್ನು ಅರೆದು ಬೆರೆಸುವುದುಂಟಾದ್ದರಿಂದ ಹೃದ್ರೋಗಿಗಳು ಅವುಗಳ ಹತ್ತಿರವೂ ಸುಳಿಯಬಾರದು.

ಒಂದು ಬಟ್ಟಲಿನ ಲೆಕ್ಕ

ಇನ್ನೊಂದು ಲೆಕ್ಕವಿದೆ. ಒಂದು ಕಿಲೋ ಒಣ ಸಾಲಂ ಆಗಬೇಕಾದರೆ 1,000ದಿಂದ 4,000ದವರೆಗೆ ಗೆಡ್ಡೆಗಳು ಬೇಕು. ಎಂದರೆ 2 ಗ್ರಾಂ ಪುಡಿಯ ಒಂದು ಬಟ್ಟಲಿಗೆ ಎರಡರಿಂದ ಎಂಟು ಗೆಡ್ಡೆ. ಕೀಳುವುದು ಮುಂದಿನ ವರ್ಷದ ಗೆಡ್ಡೆಯನ್ನು. ಹಳೆಯದರಲ್ಲಿ ಸತ್ವ ಉಳಿದಿರುವುದಿಲ್ಲ. ಕೀಳುವ ಕಾಲ ಹೂಬಿಟ್ಟ ಕಾಲ, ಬೀಜ ಕಟ್ಟುವ ಮೊದಲು. ಹೀಗೆ ಒಂದೊಂದು ಗೆಡ್ಡೆಗೂ ಒಂದೊಂದು ಗಿಡ ಸಂತಾನವಿಲ್ಲದೆ ಹೋಗುತ್ತದೆ.

ಹಾಗಾದರೆ ಬಿತ್ತಿ ಬೆಳೆಯಬಾರದೇಕೆ? ಸೀತಾಳೆಯ ಬೀಜ ಧೂಳಿನಷ್ಟು ಸೂಕ್ಷ್ಮ. ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ದಾಸ್ತಾನೇ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಅದರೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಮೊಳೆತರೂ ಹೂಬಿಡಲು ಕೆಲವು ವರ್ಷಗಳೇ ಬೇಕು. ತುರ್ಕಿಯಲ್ಲಿ ಕೃಷಿಯ ಪ್ರಯತ್ನಗಳು ನಡೆದಿವೆಯಾದರೂ ಕಾಡಿನ ಗೆಡ್ಡೆಯ ಮೇಲಿನ ಒತ್ತಡ ನಿಂತಿಲ್ಲ. ಆ ದೇಶ ಕಾಡು ಸಾಲಮಿನ ರಫ್ತನ್ನು ನಿಷೇಧಿಸಿದ ಮೇಲೆ ವ್ಯಾಪಾರಿಗಳ ಕಣ್ಣು ನೆರೆಯ ದೇಶಗಳ ಮೇಲೆ ಬಿದ್ದಿತು. 2013ರ ಒಂದೇ ಋತುವಿನಲ್ಲಿ ಉತ್ತರ ಇರಾನಿನಿಂದ 70 ಲಕ್ಷದಿಂದ 1 ಕೋಟಿ 10 ಲಕ್ಷದಷ್ಟು ಗಿಡಗಳನ್ನು ಕಿತ್ತಿರಬೇಕೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ನಮ್ಮ ಹಿಮಾಲಯದ ಸಾಲಂ ಪಂಜಾ ಕೂಡ ಹಿಂದೆ ಹೇರಳವಾಗಿದ್ದ ಹುಲ್ಲುಗಾವಲುಗಳಿಂದ ಮಾಯವಾಗುತ್ತಿದೆ. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಸೀತಾಳೆಯ ಇಡೀ ಕುಲವೇ ಸೇರಿದೆ. ಪರವಾನಗಿಯಿಲ್ಲದೆ ಅದರ ಗೆಡ್ಡೆಯನ್ನು ಗಡಿ ದಾಟಿಸುವಂತಿಲ್ಲ. ಹೊರದೇಶದಿಂದ ಬರುವ ಬಂಧುಗಳಿಗೆ ಅಸಲು ಗೆಡ್ಡೆ ತರಲು ಹೇಳುವವರು ಇದನ್ನು ತಿಳಿದಿರುವುದು ಒಳಿತು.

ಇಷ್ಟಾಗಿಯೂ ಪೇಟೆಯಲ್ಲಿ ಕೊಳ್ಳಲೇಬೇಕಾದ ಪ್ರಸಂಗ ಬಂದರೆ ಪುಡಿಯನ್ನಂತೂ ಕೊಳ್ಳಬಾರದು. ಪುಡಿಯನ್ನು ನೋಡಿ ಅದರ ಜಾತಿ ಹೇಳಬಲ್ಲ ಕಣ್ಣು ಯಾರಿಗೂ ಇಲ್ಲ. ಇಡೀ ಗೆಡ್ಡೆಯಾದರೆ ಕೊಂಬಿನ ಗಡುಸುತನ, ಅರೆಪಾರದರ್ಶಕತೆ, ವಾಸನೆಯಿಲ್ಲದಿರುವಿಕೆ ಇವಿಷ್ಟನ್ನಾದರೂ ನೋಡಬಹುದು. ನೆನೆಸಿದಾಗ ಹಿಟ್ಟಿನಂತೆ ಒಡೆದು ಚದರಿದರೆ ಅದು ಬನಾವಟಿ.

ನಮ್ಮ ಕೂವೆ

ರೋಗಿಗೂ ಮಗುವಿಗೂ ಗಂಟಲಿಗೆ ಹಿತವಾಗಿ ಇಳಿಯುವ, ಹೊಟ್ಟೆಗೆ ಭಾರವಾಗದ, ಹಾಲಿನಲ್ಲಿ ಕುದಿಸಿ ಕುಡಿಯುವ ಗೆಡ್ಡೆಯ ಪುಡಿಯೇ ಬೇಕೆಂದರೆ ಅದಕ್ಕಾಗಿ ಕನ್ನಡಿಗರು ಇಸ್ತಾಂಬುಲಿನವರೆಗೆ ಹೋಗಬೇಕಾಗಿಲ್ಲ. ಮಲೆನಾಡು ಕರಾವಳಿಗಳ ಕೂವೆಹಿಟ್ಟು ಇದೇ ಕೆಲಸಕ್ಕೆ ಒದಗಿ ಬಂದಿರುವ ವಸ್ತು. ಕೂವೆ ಎಂಬ ಹೆಸರಿನಲ್ಲಿ ಎರಡು ಗಿಡಗಳಿವೆ. ಒಂದು ಅರಿಸಿನದ ಬಳಗಕ್ಕೆ ಸೇರಿದ ನಮ್ಮ ಕಾಡುಕೂವೆ; ಇನ್ನೊಂದು ಅಮೆರಿಕ ಖಂಡದಿಂದ ಬಂದು ಹಿತ್ತಿಲಲ್ಲಿ ನೆಲೆಸಿದ ಆರಾರೂಟು. ಗೆಡ್ಡೆಯನ್ನು ತೊಳೆದು ತುರಿದು ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿದ ಹಿಟ್ಟಿನ ಮೇಲಿನ ತಿಳಿನೀರನ್ನು ಚೆಲ್ಲಿ, ಕಹಿ ಹೋಗಿ ಬೆಳ್ಳಗಾಗುವವರೆಗೆ ಹಲವು ಬಾರಿ ನೀರು ಬದಲಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಬೇಕಾದ ಗೆಡ್ಡೆಯನ್ನು ತೆಗೆದುಕೊಂಡು ಒಂದು ತುಂಡನ್ನು ಮಣ್ಣಿಗೆ ಮರಳಿಸಿದರೆ ಮುಂದಿನ ಮಳೆಗಾಲಕ್ಕೆ ಗಿಡ ಮತ್ತೆ ಸಿದ್ಧ.

ಕೂವೆಯೂ ಅಮೃತವಲ್ಲ. ಅದು ಬರಿಯ ಪಿಷ್ಟ. ಸಾಲಮಿನಂತಲ್ಲದೆ ಸುಲಭವಾಗಿ ಜೀರ್ಣವಾಗುತ್ತದೆಂಬುದು ಅದರ ಗುಣ, ಸಸಾರಜನಕವಾಗಲಿ ಕಬ್ಬಿಣವಾಗಲಿ ಇಲ್ಲವೆಂಬುದು ಅದರ ಕೊರತೆ. ಮೈ ತುಂಬಿಕೊಳ್ಳಬೇಕಾದ ರೋಗಿಗೆ ಹಸಿವು ಮರಳುವವರೆಗೆ ಒಂದೆರಡು ದಿನ ಕೂವೆ ಗಂಜಿ. ಆಮೇಲೆ ತೊವ್ವೆ, ಮೊಸರು, ರಾಗಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಆರು ತಿಂಗಳೊಳಗಿನ ಶಿಶುವಿಗೆ ತಾಯಿಯ ಹಾಲಲ್ಲದೆ ಸಾಲಮೂ ಬೇಡ, ಕೂವೆಯೂ ಬೇಡ. ಮಧುಮೇಹಿಗಳು ಇದನ್ನೂ ಅನ್ನದಂತೆಯೇ ಎಣಿಸಬೇಕು. ನಗರಗಳಲ್ಲಿ ಆರಾರೂಟು ಎಂದು ಮಾರುವ ಪೊಟ್ಟಣಗಳಲ್ಲಿ ಜೋಳದ ಹಿಟ್ಟೋ ಮರಗೆಣಸಿನ ಹಿಟ್ಟೋ ಇರುವುದೂ ಉಂಟು. ಊರಿನಿಂದ ಬರುವವರ ಕೈಯಲ್ಲಿ ಹಪ್ಪಳ ಉಪ್ಪಿನಕಾಯಿಗಳೊಡನೆ ಅರ್ಧ ಕಿಲೋ ಕೂವೆಹಿಟ್ಟನ್ನು ತರಿಸಿಕೊಂಡು, ಗಾಜಿನ ಭರಣಿಯಲ್ಲಿ ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮಾಡುವ ಕ್ರಮ ಸುಲಭ. ಎರಡು ಚಹಾ ಚಮಚ ಹಿಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ಕುದಿಯುವ ಹಾಲಿಗೆ ತೆಳುವಾಗಿ ಸುರಿಯುತ್ತ ತಿರುವಬೇಕು. ಬಿಳಿಯ ಬಣ್ಣ ತಿಳಿಯಾಗಿ ಹೊಳಪು ಬಂದೊಡನೆ ಒಲೆಯಿಂದ ಇಳಿಸಿ ಬೆಲ್ಲವನ್ನೂ ಒಂದು ಏಲಕ್ಕಿಯ ಪುಡಿಯನ್ನೂ ಸೇರಿಸಿದರಾಯಿತು. ಹಿಟ್ಟು ಒಂದು ಚಮಚ ಹೆಚ್ಚಾದರೆ ಆರುತ್ತ ಬಂದಂತೆ ಮಣ್ಣಿಯಾಗಿ ತಟ್ಟೆಯಲ್ಲಿ ನಿಲ್ಲುತ್ತದೆ. ಮಕ್ಕಳು ಅದನ್ನೇ ಹೆಚ್ಚು ಇಷ್ಟಪಡುತ್ತಾರೆ.